ರೆಪ್ಪೆಯ ಹಿಂದಿನ ಕಮಾನು

ಇದನ್ನು ಬರೆಯುವುದನ್ನು ಐವತ್ತು ವರ್ಷಕ್ಕೂ ಮೇಲೆ ಮುಂದೆ ತಳ್ಳುತ್ತ ಬಂದೆ. ಮೊನ್ನೆ ಕೋಲಾರದಲ್ಲಿ ಕಣ್ಣಿನ ಡಾಕ್ಟರಮ್ಮ ನನ್ನ ರೆಪ್ಪೆ ತಿರುವಲು ಗಾಜಿನ ಕಡ್ಡಿಯೊಂದನ್ನು ಕೈಗೆತ್ತಿಕೊಂಡರು. ನಾನು ಅವರ ಕೈ ಹಿಡಿದುಬಿಟ್ಟೆ.

“ನೋವಾಗಲ್ಲ ತಾತ,” ಎಂದರು. ನನ್ನ ಹೆದರಿಕೆ ಬೇರೆಯದಾಗಿತ್ತು.

ಎಪ್ಪತ್ತೊಂದರ ಯುದ್ಧ ಶುರುವಾಗುವುದಕ್ಕೆ ಮುಂಚೆ, ಹೈಸ್ಕೂಲು ಮುಗಿಸಿದ ನಾನು ಟೇಕಲ್ ಆಚೆಯ ಒಂದು ಡಿಸ್ಪೆನ್ಸರಿಯಲ್ಲಿ ಗಾಯ ಕಟ್ಟುವ ಕೆಲಸಕ್ಕೆ ಸೇರಿದೆ. ನನಗೆ ಕೆಲಸ ಕಲಿಸಿದವರು ಅಲ್ಲಿನ ಕಾಂಪೌಂಡರು. ಅವರ ಬಳಿಯೂ ಅಂಥದೇ ಗಾಜಿನ ಕಡ್ಡಿಯಿತ್ತು.

“ರೆಪ್ಪೆ ಒಂದ್ಸಲ ತಿರುವಿದ್ರೆ ಸಾಲ್ದು ಕಣೋ. ಅದರ ಹಿಂದೆ ಇನ್ನೊಂದು ಮಡಿಕೆ ಐತೆ, ಫಾರ್ನಿಕ್ಸ್ ಅಂತಾರೆ. ಲ್ಯಾಟಿನ್‌ನಲ್ಲಿ ಹಂಗಂದ್ರೆ ಕಮಾನು. ರೋಮಿನೋರು ಕಲ್ಲಲ್ಲಿ ಕಟ್ಟಿದ್ದಕ್ಕೆ ಇಟ್ಟ ಹೆಸರನ್ನ ಡಾಕ್ಟರುಗಳು ಎತ್ಕೊಂಡು ಬಂದು ಕಣ್ಣೊಳಗೆ ಇಟ್ರು. ಮೆದುಳಲ್ಲೂ ಒಂದೈತಂತೆ. ನಿನ್ನ ತಲೇಲಿ ಐತೋ ಇಲ್ವೋ, ಕಾಣೆ.”

ಆಮೇಲೆ ನಗು ನಿಲ್ಲಿಸಿ ಹೇಳಿದರು: “ಟೇಕಲ್ ಹತ್ರ ರೈಲು ಮೋರಿ ಕಮಾನಿನ ಕೆಳಗೆ ಮಳೆ ಬಂದಾಗ ದನ ಹೋಗಿ ನಿಲ್ತವಲ್ಲ, ಹಂಗೆ ಕಸ ಅಲ್ಲಿ ಹೋಗಿ ನಿಲ್ತದೆ. ಎರಡನೇ ಸಲ ಎತ್ತಿ ನೋಡ್ದೆ ಯಾರನ್ನೂ ಕಳಿಸ್ಬೇಡ.”

ರಾಗಿ ಕಣದ ಕಾಲ. ಹೆಂಡತಿಗೆ ಹೆರಿಗೆ ನೋವೆಂದು ಸುದ್ದಿ ಬಂದು, ಕಾಂಪೌಂಡರು ರಜೆ ಬರೆದುಕೊಡದೆ ಶ್ರೀನಿವಾಸಪುರಕ್ಕೆ ಹೋದರು. ಒಂದೇ ದಿನ. ಅವತ್ತೇ ಒಬ್ಬ ಹೆಂಗಸು ಕಣ್ಣಿಗೆ ಹೊಟ್ಟು ಬಿದ್ದಿದೆಯೆಂದು ಬಂದಳು. ಒಂದು ಸಲ ರೆಪ್ಪೆ ತಿರುವಿದೆ, ಏನೂ ಕಾಣಲಿಲ್ಲ. ಆಕೆ ನೋವಿಗೆ ಮುಖ ಹಿಂದಕ್ಕೆಳೆದಳು. ಹೊರಗೆ ಇಪ್ಪತ್ತು ಜನ ಕಾದಿದ್ದರು... ಕಣ್ಣು ತೊಳೆದು ಪಟ್ಟಿ ಕಟ್ಟಿದೆ.

“ಇನ್ನೂ ಒತ್ತುತೈತೆ ಕಾಂಪೌಂಡರಣ್ಣ.”

“ಎರಡು ದಿನ ಹಂಗೇ ಇರ್ತದೆ, ಹೋಗಮ್ಮ.”

ಡಿಸ್ಪೆನ್ಸರಿಯಲ್ಲಿ ಯಾರು ಔಷಧಿ ಕೊಟ್ಟರೂ ಆ ಕಡೆಯ ಜನರಿಗೆ ಕಾಂಪೌಂಡರಣ್ಣನೇ.

ಆರನೇ ದಿನ ಆಕೆ ತಿರುಗಿ ಬಂದಾಗ ಕಣ್ಣಿನ ಕಪ್ಪು ಗುಡ್ಡೆ ಬೆಳ್ಳಗಾಗಿತ್ತು. ಕಾಂಪೌಂಡರು ಕಡ್ಡಿಯಿಂದ ಎರಡನೇ ಮಡಿಕೆ ಎತ್ತಿದರು. ರಾಗಿ ಹೊಟ್ಟಿನ ಒಂದು ಚೂರು ಹೊರಗೆ ಬಂತು. ಅವರು ನನ್ನ ಕಡೆ ತಿರುಗಿ ನೋಡಿದರು.

ಆಕೆಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾಗ, ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಬಂದರು. “ಅವತ್ತು ನೋಡಿದ್ದು ಯಾರು?”

“ಕಾಂಪೌಂಡರಣ್ಣ, ಸ್ವಾಮಿ,” ಎಂದಳು ಆಕೆ.

ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ಆಕೆಯ ಗಂಡ ಹೊಡೆಯುತ್ತಾನೆ... ಕಾಂಪೌಂಡರು ನಾನು ಬಾಯಿ ಬಿಡಲೆಂದು ಕಾದರು. ನಾನು ನೆಲ ನೋಡುತ್ತ ನಿಂತೆ.

“ನಾನೇ, ಸ್ವಾಮಿ,” ಎಂದರು ಅವರು.

ಅವರ ಕೆಲಸ ಹೋಯಿತು. ಹೋಗುವಾಗ ಆ ಗಾಜಿನ ಕಡ್ಡಿಯನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟರು. ಆಮೇಲೆ ಬಾಗಿಲಲ್ಲಿ ಯಾರು ಕೆಮ್ಮಿದರೂ ಅವರೇ ಬಂದರೆಂದು ಬೆಚ್ಚಿದೆ. ಸಂತೆಯಲ್ಲಿ ಆ ಹೆಂಗಸು ಕಂಡರೆ ಬೇರೆ ದಾರಿ ಹಿಡಿದೆ. ಶ್ರೀನಿವಾಸಪುರದ ಬಸ್ಸು ಎಷ್ಟೋ ಸಲ ನನ್ನ ಮುಂದೆಯೇ ನಿಂತು ಹೋಯಿತು. ಕೊನೆಗೆ ಅವರು ತೀರಿಕೊಂಡ ಸುದ್ದಿ ಬಂದಾಗ ದುಃಖಕ್ಕಿಂತ ಮೊದಲು ಸಮಾಧಾನವಾಯಿತು. ಅದನ್ನು ನೆನೆದರೆ ಈಗಲೂ ನನಗೆ ನನ್ನನ್ನು ಕಂಡರೆ ಭಯ.

ಮೊನ್ನೆ ಡಾಕ್ಟರಮ್ಮ ಎರಡನೇ ಮಡಿಕೆಯನ್ನೂ ಎತ್ತಿ ನೋಡಿ, “ಏನೂ ಇಲ್ಲ ತಾತ,” ಎಂದರು.

ಇಷ್ಟು ಬರೆದರೂ ಆ ಕಾಂಪೌಂಡರ ಹೆಸರು ಬರೆಯಲು ಕೈ ಹೆದರುತ್ತಿದೆ. ಮುನಿಶಾಮಪ್ಪನವರು.