ಕಾಕಾನ ಜೊತೆ ಬರಾಬರಿ

ಮೊನ್ನೆ ಮದುವೆಯ ಆಯೇರಿಗೆ ಉಡುಗೊರೆಯಾಗಿ ಬಂದ ಹೊಸ ಚಾದರದ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಲ್ಲಾಪುರದ ಅಂಗಡಿಯಲ್ಲಿ ಗಾದಿಯ ಮೇಲೆ ಚೆಸ್ ಹಲಗೆ ಇಟ್ಟುಕೊಂಡು ಕೂತ ಕಾಕಾ ಕಣ್ಣ ಮುಂದೆ ಬಂದ. ಈಚೆಗೆ ನೆನೆಯುವುದೂ ನನಗೆ ದಣಿವಿನ ಕೆಲಸವೇ...

ಕಾಕಾ ಅಂದರೆ ಅಪ್ಪನ ತಮ್ಮ. ಇಬ್ಬರೂ ಒಂದೇ ಚಾದರದ ಅಂಗಡಿಯಲ್ಲಿ ಬೆಳೆದವರು. ಪಾಲಾದ ಮೇಲೆ ಆ ಅಂಗಡಿ ಕಾಕಾನಿಗೆ ಉಳಿಯಿತು, ಅಪ್ಪ ಅಕ್ಕಲಕೋಟದಲ್ಲಿ ಬೇರೆ ಅಂಗಡಿ ಹಾಕಿದ. ಜಗಳ ದೊಡ್ಡದೇನಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಹಿರಿಯ ಬಂದು ಕರೆಯಲಿ ಎಂದು ಕಾಕಾ ಕಾದ. ಕಿರಿಯ ತಾನಾಗಿ ಬರಲಿ ಎಂದು ಅಪ್ಪ ಕಾದ. ಹೀಗೇ ವರ್ಷಗಳು ಹೋದವು. ಇಬ್ಬರ ನಡುವೆ ಓಡಾಡಿ ಸೋತವಳು ನಾನು. ಆಗ ಸೊಲ್ಲಾಪುರದಲ್ಲೇ ಕೆಲಸಕ್ಕಿದ್ದೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಕಾಕಾನ ಎದುರು ಆಟಕ್ಕೆ ಕೂರುತ್ತಿದ್ದೆ.

ಒಮ್ಮೆ ಹಬ್ಬ ಹತ್ತಿರ ಬಂದಾಗ ಕಾಕಾ ಕಾಯಿ ಜೋಡಿಸುತ್ತ ಪಣ ಕಟ್ಟಿದ.

"ನೀ ಗೆದ್ದಿ ಅಂದ್ರ ಲಕ್ಷ್ಮೀಪೂಜಿಗೆ ನಾ ಅಕ್ಕಲಕೋಟಕ್ಕ ಬರ್ತೀನಿ. ನಾ ಗೆದ್ರ ನಿಮ್ಮಪ್ಪನ್ನ ಇಲ್ಲಿ ಕರಕೊಂಡು ಬಾ, ಯವ್ವಾ."

ಗೆಲ್ಲಲೇಬೇಕೆಂದು ಕೂತೆ. ನಡುವಿನ ಪ್ಯಾದೆಗಳನ್ನು, ಅಂದರೆ ಕಾಲಾಳುಗಳನ್ನು, ಬಿಟ್ಟು ಪಕ್ಕದ ಒಂಟೆಯ ಮುಂದಿನ ಪ್ಯಾದೆ ನೂಕಿದೆ. ಕಾಕಾನೂ ಅದನ್ನೇ ನೂಕಿದ. ನಾನು ಕುದುರೆ ತಂದರೆ ಅವನೂ ತಂದ. ಒಂಟೆಯನ್ನು ಬದಿಯಿಂದ ಹೊರಡಿಸಿದೆ, ಅವನೂ ಹೊರಡಿಸಿದ. ಕನ್ನಡಿಯ ಜೊತೆ ಆಡಿದ ಹಾಗಿತ್ತು. ಕಾಯಿಗಳೆಲ್ಲ ಕಡಿದುಹೋಗಿ ಕೊನೆಗೆ ಎರಡು ರಾಜ, ಎದುರುಬದುರು ಸಿಕ್ಕಿಕೊಂಡು ನಿಂತ ಪ್ಯಾದೆಗಳು. ದಾಟಲು ಯಾರಿಗೂ ದಾರಿ ಇರಲಿಲ್ಲ, ಗೆಲುವು ಯಾರದೂ ಅಲ್ಲ.

ಕಾಕಾ ಬಹಳ ಹೊತ್ತು ಹಲಗೆ ನೋಡಿದ. "ಬರಾಬರಿ ಆತು," ಅಂದ. ಮುಖ ಸಣ್ಣದಾಗಿತ್ತು. ಅವನಿಗೆ ಹೋಗುವ ಮನಸ್ಸಿತ್ತು, ಒಂದು ನೆಪ ಬೇಕಿತ್ತು ಅಷ್ಟೇ. ಮುಂದಿನ ದೀಪಾವಳಿಗೆ ಮತ್ತೆ ಆಡೋಣ ಅಂದೆ. ಆ ಹಬ್ಬಕ್ಕೆ ಯಾರೂ ಎಲ್ಲಿಗೂ ಹೋಗಲಿಲ್ಲ. ಮುಂದಿನ ಹಬ್ಬಕ್ಕೆ ಕಾಕಾ ಇರಲಿಲ್ಲ...

ಈ ಪಣದ ಸುದ್ದಿ ಅಪ್ಪನಿಗೆ ಗೊತ್ತೇ ಇರಲಿಲ್ಲ. ಮೊನ್ನೆ ಎಲ್ಲ ಹೇಳಿದೆ. ತನ್ನನ್ನು ಕೇಳದೆ ತನ್ನ ಮೇಲೆ ಪಣವೇ ಎಂದು ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಆಗಲಿಲ್ಲ. ಯಾವ ಕಾಯಿ ಉಳಿದಿತ್ತು ಎಂದು ಕೇಳಿದ, ಹೇಳಿದೆ.

"ಬರಾಬರಿ ಆದ್ರ ಇಬ್ರೂ ಅರ್ಧ ದಾರಿ ಬರಬೇಕಾಗಿತ್ತಲ್ಲ," ಅಂದ. "ನಾ ಹೋಟಗಿ ತನಾ ಹೋಗ್ತಿದ್ದೆ."

ಹೋಟಗಿ ಎರಡೂ ಊರುಗಳ ನಡುವಿನ ಸ್ಟೇಷನ್. ಗಾಡಿ ಈಗಲೂ ಅಲ್ಲಿ ನಿಲ್ಲುತ್ತದೆ. ಇನ್ನು ಹೋದರೂ ಅಲ್ಲಿ ಇಳಿಯುವವನು ಅಪ್ಪ ಒಬ್ಬನೇ.