ಎರಡನೇ ಗೇರಿನಲ್ಲಿ ಸಾಗರದವರೆಗೆ

ಕಾರು ತಿರುವಿನಲ್ಲಿ ತಿರುಗದೆ ನೆಟ್ಟಗೆ ಕಣಿವೆಗೆ ಇಳಿಯಬಹುದಿತ್ತು. ಎದುರಿಗೆ ಬರುವ ಗಾಡಿಯ ಎತ್ತುಗಳಿಗೆ ಗುದ್ದಬಹುದಿತ್ತು. ಶಾಲೆ ಬಿಟ್ಟ ಮಕ್ಕಳು ರಸ್ತೆಯ ನಡುವೆ ಆಡುತ್ತಿರಬಹುದಿತ್ತು. ಹಿಂದಿನ ಸೀಟಿನಲ್ಲಿ ಮಲಗಿದ್ದ ರೋಗಿಯ ಕರುಳು ಅರ್ಧ ದಾರಿಯಲ್ಲೇ ಕೊಳೆಯಲು ಶುರುವಾಗಬಹುದಿತ್ತು. ಇಂಜಿನ್ ಕೆಡಬಹುದಿತ್ತು, ಕೆಟ್ಟರೆ ಅದನ್ನು ಸರಿಮಾಡಬಲ್ಲ ಒಬ್ಬನೇ ಮನುಷ್ಯ ಆ ರೋಗಿಯೇ. ಸಾಗರ ತಲುಪಿದಾಗ ಸರ್ಜನ್ ಕ್ಯಾಂಪಿಗೆ ಹೋಗಿರಬಹುದಿತ್ತು. ಇಷ್ಟೆಲ್ಲ ಬೇಡ, ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಸುಮ್ಮನೆ ನಿದ್ದೆ ಹೋಗಬಹುದಿತ್ತು. ಉಳಿದದ್ದು ತಾನಾಗಿಯೇ ಆಗುತ್ತಿತ್ತು. ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ರೂಢಿಯಿದೆ. ಆದರೂ ಆ ದಿನ ನಿಜವಾಗಿ ಕೆಟ್ಟದ್ದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಅದು 1937ರ ಬೇಸಿಗೆ. ನಾನು ಹೊಸನಗರದ ಸರ್ಕಾರಿ ಡಿಸ್ಪೆನ್ಸರಿಯ ವೈದ್ಯ. ಜ್ವರ, ಭೇದಿ, ಹಾವಿನ ಕಡಿತ, ಹುಣ್ಣು, ಹೆರಿಗೆ ಎಲ್ಲವೂ ನನ್ನ ಪಾಲಿಗೆ. ಹೊಟ್ಟೆ ಕೊಯ್ಯಬೇಕಾದ ಕೇಸುಗಳು ಮಾತ್ರ ಸಾಗರಕ್ಕೆ. ನಡುವೆ ಇಪ್ಪತ್ತು ಚಿಲ್ಲರೆ ಮೈಲಿ ಕಾಡುರಸ್ತೆ. ನನ್ನ ಬಳಿ ಹಳೆಯದೊಂದು ಕಾರಿತ್ತು. ಅದನ್ನು ಓಡಿಸುತ್ತಿದ್ದವನು ಮಂಜಪ್ಪ.

ಕಾರಿರುವ ಡಾಕ್ಟರು ತಾವೇ ಓಡಿಸುವುದು ಆಗ ದೊಡ್ಡಸ್ತಿಕೆಯ ಮಾತು. ನನಗೂ ಓಡಿಸಲು ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ನನಗೆ ನಾರ್ಕೊಲೆಪ್ಸಿ ಎಂಬ ರೋಗವಿದೆ. ಹೆಸರು ದೊಡ್ಡದು, ವಿಷಯ ಸರಳ: ಹಗಲು ಹೊತ್ತಿನಲ್ಲಿ ಹೇಳದೆ ಕೇಳದೆ ನಿದ್ದೆ ಬಂದು ಬೀಳುತ್ತದೆ. ರಾತ್ರಿ ಎಷ್ಟು ಮಲಗಿದ್ದರೂ ಅಷ್ಟೆ. ಊಟವಾದ ಮೇಲೆ ಜಾಸ್ತಿ. ಹತ್ತು ಹದಿನೈದು ನಿಮಿಷ ಮಲಗಿ ಎದ್ದರೆ ಸ್ವಲ್ಪ ಹೊತ್ತು ತಲೆ ತಿಳಿಯಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಇದರ ಜೊತೆಗೆ ಬರುವ ಇನ್ನೊಂದು ಉಪದ್ರವದ ಹೆಸರು ಕ್ಯಾಟಾಪ್ಲೆಕ್ಸಿ: ಜೋರಾಗಿ ನಗು ಬಂದರೆ ಮೊಣಕಾಲು ಸಡಿಲವಾಗಿ ಮನುಷ್ಯ ಗೋಣಿಚೀಲದಂತೆ ಕುಸಿಯುತ್ತಾನೆ. ಎಚ್ಚರವಿರುತ್ತದೆ, ಎಲ್ಲ ಕೇಳಿಸುತ್ತದೆ, ಬೆರಳು ಮಾತ್ರ ಅಲ್ಲಾಡುವುದಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಕೊಟ್ಟಿದ್ದರು. ಅದನ್ನು ಓದುವಾಗಲೇ ನಿದ್ದೆ ಹೋಗಿ, ಎದ್ದ ಮೇಲೆ ನನ್ನ ರೋಗ ಯಾವುದೆಂದು ತಿಳಿದುಕೊಂಡೆ. ಅಂದಿನಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ.

ಈ ವಿಷಯವನ್ನು ಯಾರಿಗೆ ಹೇಳುವುದು? ನಿದ್ದೆಯೇ ರೋಗ ಎಂದರೆ ಸೋಮಾರಿಗೆ ಒಳ್ಳೆಯ ನೆಪ ಸಿಕ್ಕಿತು ಅನ್ನುತ್ತಾರೆ. ನಗಬಾರದ ರೋಗ ಎಂದರೆ ಮೊದಲು ನಗಿಸಿ ನೋಡುತ್ತಾರೆ. ಹಾಗಾಗಿ ಮದುವೆ ಮನೆಗೆ ಹೋಗುವುದು ಬಿಟ್ಟೆ, ತಾಳಮದ್ದಳೆ ಬಿಟ್ಟೆ, ಕ್ಲಬ್ಬಿನ ಇಸ್ಪೀಟು ಬಿಟ್ಟೆ. ಹುಂಚದ ಹತ್ತಿರ ಹೆಣ್ಣು ನೋಡಲು ಹೋದವನು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ನಿದ್ದೆ ಹೋದ ಮೇಲೆ ಆ ಸಾಹಸವನ್ನೂ ಬಿಟ್ಟೆ. ನಮ್ಮ ಜೈನರ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಉಂಡು ಬಾಗಿಲು ಹಾಕಿಕೊಂಡರೆ ಯಾರೂ ಏನೂ ಕೇಳುತ್ತಿರಲಿಲ್ಲ. ಊರಿನಲ್ಲಿ ನನಗೆ ಮುಖ ಗಂಟಿಕ್ಕಿದ ಡಾಕ್ಟರು ಎಂಬ ಹೆಸರು ಬಂತು. ಒಳ್ಳೆಯದೇ ಆಯಿತೆಂದು ಆ ಹೆಸರಿನ ಹಿಂದೆ ಅಡಗಿಕೊಂಡೆ.

ಮಂಜಪ್ಪ ಮೊದಲ ವರ್ಷ ಬಹಳ ತಮಾಷೆಯ ಮನುಷ್ಯ. ಊರ ಶಾನುಭೋಗರು ಕೆಮ್ಮುವುದರಿಂದ ಹಿಡಿದು ನಾನು ನಾಡಿ ಹಿಡಿಯುವವರೆಗೆ ಎಲ್ಲವನ್ನೂ ಅಣಕಿಸುತ್ತಿದ್ದ. ನಗು ಬಂದು ನಾನು ಹಿಂದಿನ ಸೀಟಿನಲ್ಲಿ ತಲೆ ಜೋತುಹಾಕಿಕೊಂಡು ಬೀಳುತ್ತಿದ್ದೆ. ಅವನು ನಿದ್ದೆ ಅಂದುಕೊಳ್ಳಲಿ ಎಂದು ಬಿಡುತ್ತಿದ್ದೆ. ಎರಡನೆಯ ವರ್ಷ ಇದ್ದಕ್ಕಿದ್ದಂತೆ ಅವನ ತಮಾಷೆ ನಿಂತುಹೋಯಿತು. ಕಟ್ಟೆಯ ಮೇಲೆ ಬೇರೆಯವರೊಡನೆ ನಗುತ್ತಿದ್ದವನು ನನ್ನನ್ನು ಕಂಡ ಕೂಡಲೇ ಬಾಯಿ ಮುಚ್ಚುತ್ತಿದ್ದ. ನನ್ನಿಂದ ಏನೋ ಬೇಸರವಾಗಿದೆ ಎಂದುಕೊಂಡೆ. ಕೇಳುವ ಧೈರ್ಯವಾಗಲಿಲ್ಲ. ಮಾತಾಡುವ ಒಬ್ಬನೂ ಹೋದ ಎಂದು ಎಷ್ಟೋ ದಿನ ಮನಸ್ಸಿಗೆ ಚುಚ್ಚುತ್ತಿತ್ತು.

ಆ ದಿನ ಹೊತ್ತು ನೆತ್ತಿಗೇರುವಾಗ ಮಂಜಪ್ಪನನ್ನು ಅವನ ಹೆಂಡತಿ ಚೌಡಮ್ಮ ಮತ್ತು ಪಕ್ಕದ ಮನೆಯವರು ಕಂಬಳಿಯಲ್ಲಿ ಹೊತ್ತು ತಂದರು. ತೊಡೆಸಂದಿನಲ್ಲಿ ಹರ್ನಿಯಾ ಅವನಿಗೆ ಮೊದಲಿಂದಲೂ ಇತ್ತು. ಕೈಯಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಈಗ ಕರುಳು ಹೊರಗೆ ಸಿಕ್ಕಿಬಿದ್ದು ಗಂಟು ಕಲ್ಲಿನಂತಾಗಿತ್ತು. ವಾಂತಿ ಶುರುವಾಗಿತ್ತು. ಸಿಕ್ಕಿಬಿದ್ದ ಕರುಳಿಗೆ ರಕ್ತ ಹೋಗುವುದಿಲ್ಲ. ಬೇಗ ಬಿಡಿಸದಿದ್ದರೆ ಅದು ಸಾಯುತ್ತದೆ, ಹಿಂದೆಯೇ ಮನುಷ್ಯ. ಕಾಲು ಎತ್ತರಿಸಿ ಮಲಗಿಸಿ ಮೆಲ್ಲಗೆ ಒಳಗೆ ತಳ್ಳಲು ನೋಡಿದೆ. ಆಗಲಿಲ್ಲ. ಸಾಗರದಲ್ಲಿ ಆಪರೇಷನ್ ಆಗಲೇಬೇಕಿತ್ತು. ಬೆಳಗಿನ ಬಸ್ಸು ಹೋಗಿಯಾಗಿತ್ತು, ಇನ್ನೊಂದು ಮಾರನೆಯ ದಿನ. ಎತ್ತಿನ ಗಾಡಿಗೆ ರಾತ್ರಿಯಾಗುತ್ತಿತ್ತು, ಕುಲುಕಾಟ ಬೇರೆ. ತಾಲ್ಲೂಕು ಕಚೇರಿಯ ಕಾರು ತೀರ್ಥಹಳ್ಳಿಗೆ ಹೋಗಿತ್ತು. ಊರಿನಲ್ಲಿ ಉಳಿದದ್ದು ನನ್ನ ಕಾರು. ಅದನ್ನು ಓಡಿಸಬಲ್ಲವರು ಇಬ್ಬರು. ಒಬ್ಬ ಬೆಂಚಿನ ಮೇಲೆ ನರಳುತ್ತಿದ್ದ.

ಆಸ್ತಮಾಕ್ಕೆ ಕೊಡುವ ಎಫಿಡ್ರಿನ್ ಮಾತ್ರೆ ನನ್ನ ನಿದ್ದೆಯನ್ನು ಸ್ವಲ್ಪ ತಡೆಯುತ್ತಿತ್ತು. ಆದರೆ ನುಂಗಿದರೆ ಕೈ ನಡುಗುತ್ತಿತ್ತು. ನಡುಗುವ ಕೈ ಮೇಲೋ, ಮುಚ್ಚುವ ಕಣ್ಣು ಮೇಲೋ ಎಂದು ಯೋಚಿಸುತ್ತ ಬಾಟಲಿ ಹಿಡಿದು ನಿಂತೆ. ಮಂಜಪ್ಪನಾದರೋ ಹೇಗೂ ಸಾಯುವ ಅಪಾಯದಲ್ಲೇ ಇದ್ದಾನೆ. ರಸ್ತೆಯ ಮೇಲೆ ನಡೆದು ಬರುವವರನ್ನು ಯಾರು ಕೇಳಿದ್ದಾರೆ? ಅವರಿಗೆ ನನ್ನ ರೋಗದ ಹೆಸರೂ ಗೊತ್ತಿಲ್ಲ. ಬಾಟಲಿ ಕೆಳಗಿಟ್ಟು, ಅವನಿಗೆ ನೋವಾದರೂ ಕಡಿಮೆಯಾಗಲಿ ಎಂದು ಮಾರ್ಫಿಯಾ ಸೂಜಿ ತೆಗೆದೆ.

ಮಂಜಪ್ಪ ಕೈ ಹಿಂದಕ್ಕೆಳೆದುಕೊಂಡ. "ಸೂಜಿ ಬ್ಯಾಡ ಡಾಕ್ಟ್ರೇ. ನಾನೂ ಮಲಗಿದ್ರೆ ನಿಮ್ಮನ್ನ ಎಬ್ಸೋರು ಯಾರು?"

ನಾನು ಸೂಜಿಯನ್ನು ಪೆಟ್ಟಿಗೆಗೆ ಹಾಕಿದೆ. ಚೌಡಮ್ಮ ಸೆರಗಿನಿಂದ ಅವನ ಬಾಯಿ ಒರೆಸುತ್ತ, ಇದು ಎಲ್ಲರಿಗೂ ಗೊತ್ತಿರುವ ಮಾತು ಎಂಬಂತೆ, ಡಾಕ್ಟರು ನಗಬಾರದು, ಉಂಡ ಮೇಲೆ ಕಾರು ಹತ್ತಬಾರದು ಎಂದು ಗಂಡ ಯಾವತ್ತೋ ಹೇಳಿದ್ದಾನೆ ಅಂದಳು. ಅವನು ಕನ್ನಡಿಯಲ್ಲಿ ಎಲ್ಲ ನೋಡಿದ್ದ. ಅವನು ನಗಿಸಿದಾಗೆಲ್ಲ ನನ್ನ ತಲೆ ಜೋತುಬೀಳುವುದನ್ನು ಕಂಡು, ಡಾಕ್ಟರಿಗೆ ನಗು ಆಗಿಬರುವುದಿಲ್ಲವೆಂದು ತಮಾಷೆ ಬಿಟ್ಟಿದ್ದ. ನನಗೆ ಹೇಳಿರಲಿಲ್ಲ, ನಾನು ಅವನಿಗೆ ಹೇಳಿರಲಿಲ್ಲ. ಹೀಗೆ ತಮಾಷೆ ನಿಂತ ಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ಮೂರು ವರ್ಷ ಬಾಯಿ ಮುಚ್ಚಿಕೊಂಡು ಓಡಾಡಿದ್ದೆವು.

ನನ್ನ ರೋಗ ಬಲ್ಲವನು ನಾನೊಬ್ಬನೇ ಆಗಿದ್ದರೆ ಎತ್ತಿನ ಗಾಡಿ ಕಟ್ಟಿಸುತ್ತಿದ್ದೆ. ಮೂವರಾದ್ದರಿಂದ ಲೆಕ್ಕ ಬೇರೆಯಾಯಿತು, ನಾನೇ ಓಡಿಸುವುದೆಂದಾಯಿತು. ಮಧ್ಯಾಹ್ನದ ಊಟ ಬಿಟ್ಟೆ. ಆಮೇಲೆ, ನರಳುವ ರೋಗಿಯ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಮಲಗಿ ನಿದ್ದೆ ಮಾಡಿದೆ. ಬಾಗಿಲಲ್ಲಿ ನಿಂತ ಜನ ನನ್ನನ್ನು ಏನೆಂದು ಬೈದರೋ ತಿಳಿಯದು. ಊಟ ಬಿಟ್ಟದ್ದು ಯಾವುದೋ ವ್ರತ ಎಂದು ಒಬ್ಬರು ಸಮಾಧಾನ ಹೇಳಿದರಂತೆ. ಚೌಡಮ್ಮ ಎಬ್ಬಿಸಿದಳು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹ್ಯಾಂಡ್ ಬ್ರೇಕಿನ ಕಂಬಿ ತೋರಿಸಿದೆ. ನನ್ನ ಕೈ ಸಡಿಲವಾದರೆ ಇದನ್ನು ಎಳೆಯಬೇಕು, ನನ್ನನ್ನು ಕೇಳುತ್ತ ಕೂರಬಾರದು ಎಂದೆ. ಎರಡು ಸಲ ಎಳೆದು ನೋಡಿದಳು. ಕಂಬಿಯ ಮೇಲಿಟ್ಟ ಕೈಯನ್ನು ಮತ್ತೆ ತೆಗೆಯಲಿಲ್ಲ.

ನಡೆಯುವವನಿಗಿಂತ ಸ್ವಲ್ಪ ಬೇಗ, ಓಡುವವನಿಗಿಂತ ಸ್ವಲ್ಪ ನಿಧಾನವಾಗಿ ಹೊರಟೆವು. ಪ್ರತಿ ತಿರುವಿಗೂ ಹಾರನ್. ಮಂಜಪ್ಪ ಹಲ್ಲು ಕಚ್ಚಿಕೊಂಡು ಹಿಂದಿನಿಂದ ಒಂದೇ ಸಮನೆ ಪ್ರಶ್ನೆ ಕೇಳುತ್ತಿದ್ದ. ಮುಂದೆ ಮೋರಿ ಕಂಡಿತೆ, ಎಡಕ್ಕೆ ಹುಣಸೆಮರ ದಾಟಿತೆ, ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಇದ್ದೀರೇನು. ಒಂದಾದರೂ ತಮಾಷೆಯ ಮಾತಿಲ್ಲ. ಬಾಯಿ ತುದಿಗೆ ಬಂದದ್ದನ್ನು ನುಂಗುತ್ತಿದ್ದಾನೆಂದು ಕನ್ನಡಿಯಲ್ಲಿ ಕಾಣುತ್ತಿತ್ತು. ಈಗ ಕನ್ನಡಿ ನೋಡುವ ಸರದಿ ನನ್ನದು.

ಬಟ್ಟೆಮಲ್ಲಪ್ಪ ಎಂಬ ಊರು ಹತ್ತಿರವಾಗುವಾಗ ಮಂಜಪ್ಪನ ಮಾತು ಬಾವಿಯೊಳಗಿಂದ ಬಂದಂತೆ ಕೇಳತೊಡಗಿತು. ಅದು ನನಗೆ ನಿದ್ದೆ ಬರುವ ಮುನ್ಸೂಚನೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಹಿಂದೆ ಮಂಜಪ್ಪ ಮತ್ತೆ ವಾಂತಿ ಮಾಡುತ್ತಿದ್ದ. ಅರ್ಧ ದಾರಿ ಬಂದಾಗಿತ್ತು, ಮುಖಕ್ಕೆ ನೀರು ಹಾಕಿಕೊಂಡು ಹೋಗಿಬಿಡೋಣ ಎಂದು ಮನಸ್ಸು ಎಳೆಯುತ್ತಿತ್ತು. ಹೊರಡುವ ನಿರ್ಧಾರಕ್ಕಿಂತ ಅಲ್ಲಿ ನಿಲ್ಲುವ ನಿರ್ಧಾರ ಕಷ್ಟವಾಯಿತು.

"ಮಲಗಿ ಡಾಕ್ಟ್ರೇ," ಅಂದ ಮಂಜಪ್ಪ. "ನಾ ಎಲ್ಲಿಗೂ ಹೋಗಲ್ಲ."

ನಾನು ಮಲಗಿದೆ. ನೋಡಲು ಕೂಡಿದ ಜನಕ್ಕೆ ಚೌಡಮ್ಮ, ಇಂಜಿನ್ ಬಿಸಿಯಾಗಿದೆ, ಆರಬೇಕು ಎಂದು ಹೇಳಿ ಕಳಿಸಿದಳಂತೆ. ಒಂದು ರೀತಿಯಲ್ಲಿ ನಿಜವೇ. ಎದ್ದಾಗ ಅವಳ ಬಲಗೈ ಇನ್ನೂ ಬ್ರೇಕಿನ ಮೇಲಿತ್ತು.

ಸಾಗರದ ಆಸ್ಪತ್ರೆಯ ಅಂಗಳಕ್ಕೆ ಕಾರು ನುಗ್ಗಿದಾಗ ಇನ್ನೂ ಬಿಸಿಲಿತ್ತು. ಸರ್ಜನ್ ಇದ್ದರು. ಇಬ್ಬರು ಸ್ಟ್ರೆಚರ್ ತಂದರು. ಇಂಜಿನ್ ಆರಿಸಿ, ಇಳಿದು, ಹಿಂದಿನ ಬಾಗಿಲು ತೆಗೆದೆ. ಮಂಜಪ್ಪ ಬೂದಿಬಣ್ಣಕ್ಕೆ ತಿರುಗಿದ್ದ. ಕಾರು ನಿಂತಿದೆಯೇ, ಬ್ರೇಕು ಹಾಕಿದೆಯೇ ಎಂದು ಕೇಳಿದ. ಹೌದು ಎಂದೆ.

"ಹಂಗಾದ್ರೆ ಒಂದ್ ಮಾತು ಹೇಳ್ತೀನಿ ಮಾರಾಯ್ರೆ. ಹೊಸನಗರದಿಂದ ಇಲ್ಲೀತನಕ ಎರಡನೇ ಗೇರಲ್ಲೇ ಬಂದ್ರಿ. ಮೂರನೇದನ್ನ ಎಂತಕ್ಕೆ ಇಟ್ಕಂಡೀರಿ, ನಿಮ್ಮ ಮದುವೆ ದಿಬ್ಬಣಕ್ಕಾ?"

ಮೂರು ವರ್ಷದ ನಗು ಒಟ್ಟಿಗೆ ಬಂತು. ಮೊಣಕಾಲು ಕರಗಿತು. ಮುಖ ಕೆಳಗಾಗಿ ಬಿದ್ದೆ. ಆಸ್ಪತ್ರೆಯವರು ರೋಗಿ ಇವರೇ ಎಂದು ತಿಳಿದು ಸ್ಟ್ರೆಚರನ್ನು ನನ್ನ ಪಕ್ಕಕ್ಕೆ ತಂದರು. ಎಲ್ಲ ಕೇಳಿಸುತ್ತಿತ್ತು, ಅಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಆಗ ಚೌಡಮ್ಮನ ಧ್ವನಿ ಕೇಳಿತು:

"ಅವ್ರಿಗೆ ಎಂತದೂ ಆಗ್ಲಿಲ್ಲ. ನಗು ಬಂತು, ಅಷ್ಟೇ. ಅಲ್ಲೇ ಬಿಡಿ, ಏಳ್ತಾರೆ. ಮೊದ್ಲು ನಮ್ಮವ್ರನ್ನ ಎತ್ಕಳಿ."

ನನ್ನ ರೋಗವನ್ನು ಇನ್ನೊಬ್ಬರು ಹೊರಗಿನವರಿಗೆ ತಿಳಿಸಿ ಹೇಳಿದ್ದು ಅದೇ ಮೊದಲು. ಪಠ್ಯಪುಸ್ತಕದ ಅರ್ಧ ಪುಟಕ್ಕಿಂತ ಚೆನ್ನಾಗಿತ್ತು. ಮಣ್ಣಿನಲ್ಲಿ ಮುಖವಿಟ್ಟುಕೊಂಡು ಬಿದ್ದಿದ್ದಷ್ಟು ಹೊತ್ತೂ ನನಗೆ ಏಳುವ ಅವಸರವಾಗಲಿಲ್ಲ.

ಕರುಳು ಇನ್ನೂ ಜೀವಂತವಾಗಿತ್ತು, ಕತ್ತರಿಸಬೇಕಾಗಲಿಲ್ಲ. ಮಂಜಪ್ಪ ಚೇತರಿಸಿಕೊಂಡು ಬಂದು ಮತ್ತೆ ಕಾರು ಹಿಡಿದ. ನಾನು ಅಂದಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ಒಂದು ದಿನ ಪಾರಾದದ್ದು ಇನ್ನೊಂದು ದಿನಕ್ಕೆ ಲೈಸೆನ್ಸಲ್ಲ. ಮೂರ್ಛೆಯವರು, ಹೃದಯ ಬೇನೆಯವರು, ಮುಚ್ಚಿಟ್ಟುಕೊಳ್ಳುವ ಯಾವುದೇ ಕಾಯಿಲೆಯವರು ಬಂದರೆ ಈಗ ನಾಲಿಗೆ ನೋಡುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಇದು ನಿಮ್ಮನ್ನು ಬಿಟ್ಟು ಇನ್ನು ಯಾರಿಗೆ ಗೊತ್ತು? ಯಾರಿಗೂ ಇಲ್ಲ ಎಂದರೆ ಔಷಧಿ ಬರೆಯುವ ಮೊದಲು ಯಾರನ್ನಾದರೂ ಕರೆದುಕೊಂಡು ಬರಲು ಹೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಆ ದಿನ ನನ್ನ ಪಟ್ಟಿಯಲ್ಲಿಲ್ಲದ ಕೆಟ್ಟದ್ದು ಏನೆಂದರೆ, ಆಸ್ಪತ್ರೆಯ ಅಂಗಳದಲ್ಲಿ ಬಿದ್ದ ಹೊಡೆತಕ್ಕೆ ನನ್ನ ಕನ್ನಡಕದ ಎಡಗಾಜು ಒಡೆಯಿತು.