ಹೊಗೆ ನೋಡಿ ಎಂಜಿನ್ನಿನ ಹಸಿವು ಹೇಳುವಾಕೆ

ಬೆಳಗಿನ ಆರು ಗಂಟೆ. ಪುಟ್ಟ ರೇಸ್ ಕಾರುಗಳ ಟ್ರ್ಯಾಕಿನ ಅಂಚಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಹೆಂಗಸೊಬ್ಬರು ಮೇಜಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾರೆ. ನಿದ್ದೆ ಸಾಲದೆ ತೂಕಡಿಸುತ್ತಿದ್ದಾರೆ ಅಂದುಕೊಂಡರೆ ಮೋಸ ಹೋದಿರಿ. ಮೇಜಿನ ಮೇಲೆ ಮೊಳದುದ್ದದ ಕಾರೊಂದು ಚಕ್ರಗಳನ್ನು ಗಾಳಿಯಲ್ಲಿಟ್ಟುಕೊಂಡು ಗುರುಗುಟ್ಟುತ್ತಿದೆ. ಅದಕ್ಕೆ ಇಂಧನ ಹೋಗುವ ರಬ್ಬರ್ ಕೊಳವೆಯನ್ನು ಅವರು ಎರಡು ಬೆರಳಲ್ಲಿ ಹಿಂಡಿ ಹಿಡಿದಿದ್ದಾರೆ. ತುಟಿ ಮಾತ್ರ ಅಲ್ಲಾಡುತ್ತಿದೆ: ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಎಂಜಿನ್ ಒಮ್ಮೆ ಸ್ವರ ಏರಿಸಿ ನಿಂತುಬಿಡುತ್ತದೆ.

"ಮೂರಕ್ಕೆ ನಿಲ್ಲಬೇಕಿತ್ತು," ಎನ್ನುತ್ತಾ ಅವರು ಕಣ್ಣು ಬಿಡುತ್ತಾರೆ. "ಹೊಟ್ಟೆ ಭಾರ ಮಾಡ್ಕೊಂಡಿದೆ ಇದು. ಇಷ್ಟು ತಿಂದ್ರೆ ಓಡೋದು ಹೇಗೆ?" ಉದ್ದನೆಯ ಸ್ಕ್ರೂಡ್ರೈವರಿನಿಂದ ಪುಟ್ಟ ಸ್ಕ್ರೂವೊಂದನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಚಾಲೂ ಮಾಡಿ, ಮತ್ತೆ ಕಣ್ಣು ಮುಚ್ಚುತ್ತಾರೆ.

ಟ್ರ್ಯಾಕಿನಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಇವರು ಹೊಗೆಯಕ್ಕ. ವಯಸ್ಸು ಐವತ್ತಮೂರು. ರಿಮೋಟಿನಲ್ಲಿ ಓಡುವ ನೈಟ್ರೋ ಕಾರುಗಳ, ಅಂದರೆ ಬ್ಯಾಟರಿಯ ಬದಲು ಇಂಧನ ಕುಡಿದು ಓಡುವ ಕಾರುಗಳ, ಎಂಜಿನ್ ಹದ ಮಾಡುವುದು ಕೆಲಸ. ನೋಡಿದವರು ಆಟದ ಸಾಮಾನು ಎಂದು ನಗುತ್ತಾರೆ, ಅವರ ಅತ್ತೆಯೂ ಅದನ್ನೇ ಹೇಳುತ್ತಾರಂತೆ: "ನಮ್ ಸೊಸೆ ದೊಡ್ಡವರ ಆಟಿಕೆ ರಿಪೇರಿ ಮಾಡ್ತಾಳೆ." ಹಿತ್ತಲ ಗಿಡ ಮದ್ದಲ್ಲ, ಏನು ಮಾಡುವುದು. ಆ ಆಟಿಕೆಯ ಎಂಜಿನ್ ನಿಮಿಷಕ್ಕೆ ಮೂವತ್ತೈದು ಸಾವಿರ ಸಲ ಸುತ್ತುತ್ತದೆ. ಮುಷ್ಟಿಯಲ್ಲಿ ಮುಚ್ಚಿಡಬಹುದಾದ ಅದರ ಒಡಲಿನಲ್ಲಿ ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿ ಇರುತ್ತದೆ. ಗಾಳಿಗೂ ಇಂಧನಕ್ಕೂ ಹೊಂದಿಕೆ ತಪ್ಪಿದರೆ ಕ್ಷಣದಲ್ಲಿ ಪುಡಿ.

ಆ ಹೊಂದಿಕೆ ಇರುವುದು ಒಂದೇ ಸ್ಕ್ರೂವಿನಲ್ಲಿ. ಬಿಗಿ ಮಾಡಿದರೆ ಇಂಧನ ಕಡಿಮೆ, ವೇಗ ಹೆಚ್ಚು. ಸಡಿಲಿಸಿದರೆ ಇಂಧನ ಹೆಚ್ಚು, ವೇಗ ಕಡಿಮೆ. ಹಾಗಾದರೆ ಬಿಗಿ ಮಾಡುತ್ತಲೇ ಹೋಗಬಾರದೇಕೆ? ಇಂಧನದಲ್ಲೇ ಎಣ್ಣೆ ಬೆರೆತಿರುತ್ತದೆ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಒಳಗಿನ ಲೋಹಕ್ಕೆ ಲೋಹ ತಿಕ್ಕುತ್ತದೆ. ಹೊಗೆಯಕ್ಕನ ಮಾತಿನಲ್ಲಿ ಅದು ಹಸಿವು. "ಹಸಿದ ಎಂಜಿನ್ನು ಸಾಯೋಕೆ ಮುಂಚೆ ಎಲ್ಲಕ್ಕಿಂತ ಜೋರಾಗಿ ಓಡುತ್ತೆ. ಅದನ್ನ ನೋಡಿ ಓನರ್‌ಗಳು ಚಪ್ಪಾಳೆ ತಟ್ತಾರೆ, ನಾನು ಸ್ಕ್ರೂಡ್ರೈವರ್ ಹುಡುಕ್ತೀನಿ." ಹಸಿವು ತಿಳಿಯುವುದು ಹೊಗೆಯಲ್ಲಿ. ಕಾರಿನ ಹಿಂದೆ ನೀಲಿ ಹೊಗೆಯ ತೆಳುವಾದ ಎಳೆ ಇರಬೇಕು. ಅದು ಅಳಿಸಿಹೋಯಿತೆಂದರೆ ಅಪಾಯ ಹತ್ತಿರವಾಯಿತು ಎಂದೇ ಅರ್ಥ.

ಈ ವಿದ್ಯೆಯನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಅವರ ಅಣ್ಣನಿಗೆ ಔಷಧಿ ಸಿಂಪಡಿಸುವ ಪಂಪುಗಳ ರಿಪೇರಿ ಅಂಗಡಿಯಿತ್ತು. ಹದಿನೇಳರ ತಂಗಿ ಅಲ್ಲಿ ಕಾರ್ಬ್ಯುರೇಟರ್ ತೊಳೆಯಲು ಕೂತವಳು, ಮೂರು ವರ್ಷದಲ್ಲಿ ಬಾಗಿಲಾಚೆಯಿಂದಲೇ ಯಾವ ಪಂಪಿಗೆ ಏನು ರೋಗ ಎಂದು ಹೇಳತೊಡಗಿದಳು. ಒಂದು ದಿನ ಒಬ್ಬ ಗಿರಾಕಿ ಹಠಮಾರಿ ರೇಸ್ ಕಾರೊಂದನ್ನು ತಂದು ಬೆಂಚಿನ ಮೇಲಿಟ್ಟ. ಅಣ್ಣ ತನ್ನಿಂದಾಗದು ಎಂದು ಕೈಚೆಲ್ಲಿದ. ತಂಗಿ ಹದ ಮಾಡಿದಳು. ಆಮೇಲೆ ಪಂಪುಗಳೆಲ್ಲ ಬ್ಯಾಟರಿಯವಾದವು, ಅಂಗಡಿ ಮುಚ್ಚಿತು. ಉಳಿದದ್ದು ಈ ಕಾರುಗಳು ಮಾತ್ರ. ಅಲ್ಲಿಂದೀಚೆಗೆ ಹದಿನಾರು ವರ್ಷದಲ್ಲಿ ಸಾವಿರದ ನಾನೂರಕ್ಕೂ ಹೆಚ್ಚು ಎಂಜಿನ್‌ಗಳು ಮನೆಯ ಮುಂದಿನ ಕೋಣೆಯ ಬೆಂಚಿನ ಮೇಲೆ ಕೆಮ್ಮಿ, ಸೀನಿ, ಸರಿಹೋಗಿವೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದ ಗಂಡನ ದೂರು ಬೇರೆ: "ಬೀದಿ ಕೊನೇಲಿ ಓಡೋ ಎಂಜಿನ್ನಿನ ಅಪಸ್ವರ ಇವಳಿಗೆ ಕೇಳುತ್ತೆ. ಪಕ್ಕದಲ್ಲೇ ಕೂತು ಟೀ ಕೇಳಿದ್ರೆ ಕೇಳಲ್ಲ!"

ತಪ್ಪು ಮಾಡಿಲ್ಲ ಎಂದೇನಲ್ಲ. ಹನ್ನೊಂದು ವರ್ಷದ ಹಿಂದೆ, ಸುಡುಬಿಸಿಲಿನ ಮಧ್ಯಾಹ್ನ ಒಬ್ಬರ ಎಂಜಿನ್ನನ್ನು ನಾಜೂಕಾಗಿ ಹದ ಮಾಡಿ ಕೊಟ್ಟು ಊಟಕ್ಕೆ ಹೋದರು. ಸಂಜೆಯ ಓಟದ ಹೊತ್ತಿಗೆ ತಂಗಾಳಿ ಬೀಸಿತ್ತು. ಬಿಸಿಲಿಗೆ ಎಂಜಿನ್ ಸುಡುತ್ತದೆ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಅಸಲಿ ಮಾತು ತಿರುಗುಮುರುಗು. ತಣ್ಣನೆಯ ಗಾಳಿ ದಟ್ಟ, ಅದಕ್ಕೆ ಇಂಧನ ಹೆಚ್ಚು ಬೇಕು. ಮಧ್ಯಾಹ್ನದ ಅಳತೆ ಸಂಜೆಗೆ ಸಾಲದು. ಆ ಎಂಜಿನ್ ಮೊದಲ ಸ್ಥಾನದಲ್ಲಿ ಓಡುತ್ತಿದ್ದಂತೆಯೇ ಒಳಗೊಳಗೇ ಮುರಿದು ನಿಂತಿತು. ಮಾಲೀಕ ಒಂದು ಕೆಟ್ಟ ಮಾತೂ ಆಡಲಿಲ್ಲ. ಮುರಿದ ಚೂರುಗಳನ್ನು ಡಬ್ಬಿಗೆ ಹಾಕಿಕೊಂಡು ಹೋದವರು ಮತ್ತೆ ಟ್ರ್ಯಾಕಿನ ಕಡೆ ತಲೆ ಹಾಕಲಿಲ್ಲ. "ಬೈದಿದ್ರೆ ಅವತ್ತೇ ಮರೆತುಹೋಗ್ತಿತ್ತು," ಎನ್ನುತ್ತಾರೆ ಹೊಗೆಯಕ್ಕ. ಅಂದಿನಿಂದ ಓಟ ಮುಗಿಯುವವರೆಗೆ ಅವರು ಊಟ ಮಾಡುವುದಿಲ್ಲ, ಜಾಗ ಬಿಟ್ಟು ಕದಲುವುದೂ ಇಲ್ಲ.

ಈ ಭಾನುವಾರ ಅವರ ಮುಖದಲ್ಲಿ ಎಂದಿನ ನಗೆಯಿಲ್ಲ. ಕ್ಲಬ್ಬಿನ ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿದೆ: ನೈಟ್ರೋ ಕಾರುಗಳು ಅರ್ಧದಲ್ಲೇ ನಿಂತು ನೋಡುವವರಿಗೆ ಬೇಸರ ತರುತ್ತಿವೆ. ಇಂದಿನ ಅಂತಿಮ ಓಟದಲ್ಲಿ ಹೊರಡುವ ಹನ್ನೆರಡು ಕಾರುಗಳಲ್ಲಿ ಕನಿಷ್ಠ ಒಂಬತ್ತಾದರೂ ಕೊನೆಯವರೆಗೆ ಓಡದಿದ್ದರೆ ಮುಂದಿನ ವರ್ಷದಿಂದ ಬ್ಯಾಟರಿ ಕಾರುಗಳು ಮಾತ್ರ. ಬ್ಯಾಟರಿ ಕಾರಿಗೆ ಹೊಗೆಯಿಲ್ಲ, ಹಸಿವಿಲ್ಲ, ಹೊಗೆಯಕ್ಕನೂ ಬೇಕಿಲ್ಲ. "ಒಂದ್ಸಲ ಬ್ಯಾಟರಿ ಬಂದು ಅಣ್ಣನ ಅಂಗಡಿ ಹೋಯ್ತು. ಇನ್ನೊಂದ್ಸಲ ಬಂದ್ರೆ ನನ್ನ ಕೈಗೆ ಕೆಲಸವೇ ಇರಲ್ಲ. ಈ ಕೈಗೆ ಬೇರೆ ಏನೂ ಬರಲ್ಲ ನೋಡಿ," ಎಂದು ಅಂಗೈ ಚಾಚಿ ತೋರಿಸುತ್ತಾರೆ. ಎಣ್ಣೆ ಇಳಿದು ಗೆರೆಗಳೆಲ್ಲ ಕಪ್ಪಾಗಿವೆ.

ಹನ್ನೆರಡರಲ್ಲಿ ಹನ್ನೊಂದು ಅವರೇ ಹದ ಮಾಡಿದವು. ಹನ್ನೆರಡನೆಯದು ಮೀಟರ್ ಮಾಮನದು. ನಿವೃತ್ತ ವಿದ್ಯುತ್ ಇನ್‌ಸ್ಪೆಕ್ಟರ್. ಎಂಜಿನ್ನಿನ ಶಾಖ ಅಳೆಯುವ ಗನ್ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ಹೊಗೆ ನೋಡಿ ಹದ ಹೇಳುವುದು ಅವರಿಗೆ ಕಣಿ ಹೇಳಿದಂತೆ. ಅವರ ಕಾರನ್ನು ಓಡಿಸುವವಳು ಮಗಳು. ಟ್ರ್ಯಾಕಿನಲ್ಲಿ ಎಲ್ಲೂ ಬರೆದಿಲ್ಲದ ಆದರೆ ಯಾರೂ ಮೀರದ ಒಂದು ಕಟ್ಟಳೆಯಿದೆ: ಬೇರೆಯವರ ಸ್ಕ್ರೂವಿಗೆ ಕೈ ಹಾಕಬಾರದು, ಕೇಳದೆ ಬಾಯಿಯನ್ನೂ ಹಾಕಬಾರದು. ಹದಿನಾರು ವರ್ಷ ಹೊಗೆಯಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ.

ಮಧ್ಯಾಹ್ನ ಎರಡಕ್ಕೆ ಓಟ ಶುರು. ನಲವತ್ತೈದು ನಿಮಿಷದ್ದು. ಓಡಿಸುವವರು ಎತ್ತರದ ಕಟ್ಟೆಯ ಮೇಲೆ ಸಾಲಾಗಿ ನಿಂತು ರಿಮೋಟ್ ಹಿಡಿದಿದ್ದಾರೆ. ಕಾರುಗಳು ಏಳೆಂಟು ನಿಮಿಷಕ್ಕೊಮ್ಮೆ ಕೆಳಗಿನ ಅಂಕಣಕ್ಕೆ ಬಂದು ಇಂಧನ ಕುಡಿದು ಹೋಗುತ್ತವೆ. ಮೊದಲ ಹತ್ತು ನಿಮಿಷದಲ್ಲೇ ಎರಡು ಕಾರು ಡಿಕ್ಕಿಯಾಗಿ ಒಟ್ಟಿಗೆ ಮೂಲೆ ಸೇರುತ್ತವೆ. ಇಪ್ಪತ್ತನೇ ನಿಮಿಷಕ್ಕೆ ಇನ್ನೊಂದರ ಚಕ್ರವೇ ಕಳಚಿ ಪ್ರೇಕ್ಷಕರ ಕಡೆ ಉರುಳುತ್ತದೆ. ಜನ ನಗುತ್ತಾರೆ. ಹೊಗೆಯಕ್ಕ ನಗುವುದಿಲ್ಲ. ಉಳಿದಿರುವುದು ಸರಿಯಾಗಿ ಒಂಬತ್ತು. ಇನ್ನು ಒಂದೇ ಒಂದು ನಿಂತರೂ ಮುಗಿಯಿತು.

ಇಪ್ಪತ್ತೇಳನೇ ನಿಮಿಷದಲ್ಲಿ ಮೋಡ ಸೂರ್ಯನನ್ನು ನುಂಗುತ್ತದೆ, ಬೆನ್ನಿಗೆ ತಂಗಾಳಿ. ನೋಡುವವರು ಆಹಾ ಎಂದು ಕಾಲರ್ ಸಡಿಲಿಸುತ್ತಾರೆ. ಹೊಗೆಯಕ್ಕ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. ಅಂಕಣಕ್ಕೆ ಬಂದ ತಮ್ಮ ಕಾರುಗಳನ್ನೆಲ್ಲ ಒಂದೊಂದಾಗಿ ಹಿಡಿದು, ಗಡಿಯಾರದ ಮುಳ್ಳು ಒಂದು ಗಂಟೆ ಹಿಂದೆ ಹೋಗುವಷ್ಟು ಸ್ಕ್ರೂ ಸಡಿಲಿಸಿ ಕಳಿಸುತ್ತಾರೆ. ಎಂಟಕ್ಕೆ ಎಂಟೂ ಆದವು. ಒಂಬತ್ತನೆಯದು ಮೀಟರ್ ಮಾಮನ ಕಾರು, ಓಟದಲ್ಲಿ ಅದೇ ಮುಂದಿದೆ. ಅದರ ಹಿಂದಿನ ನೀಲಿ ಎಳೆ ಮಾಯವಾಗಿದೆ.

ಈಗ ಆಕೆಯ ಮನಸ್ಸಿನಲ್ಲಿ ನಡೆಯುವುದು ಸಣ್ಣ ಜಗಳವಲ್ಲ. ಎರಡನೇ ಸ್ಥಾನದಲ್ಲಿ ಓಡುತ್ತಿರುವುದು ಹಲ್ಲಿನ ಡಾಕ್ಟರ ಕಾರು, ಆಕೆಯದೇ ಗಿರಾಕಿ. ಮೀಟರ್ ಮಾಮನಿಗೆ ಸ್ಕ್ರೂ ಸಡಿಲಿಸಿ ಎಂದರೆ ಅವರ ವೇಗ ಇಳಿಯುತ್ತದೆ, ಡಾಕ್ಟರು ಗೆಲ್ಲುತ್ತಾರೆ, ಊರೆಲ್ಲ ಆಡಿಕೊಳ್ಳುತ್ತದೆ. ಸುಮ್ಮನಿದ್ದರೆ ಅದು ಕೆಟ್ಟು ನಿಂತು, ಉಳಿಯುವ ಕಾರು ಎಂಟೇ ಆಗುತ್ತದೆ. ಮೀಟರ್ ಮಾಮನ ಕಾರು ಇಂಧನಕ್ಕೆ ಬಂದು ನಿಲ್ಲುತ್ತದೆ. ಕಾರು ನಿಂತರೂ ಸ್ವರ ಇಳಿಯದೆ ಎಂಜಿನ್ ಕಿರುಚುತ್ತಲೇ ಇದೆ. ಹೊಗೆಯಕ್ಕ ಹೋಗಿ ಪಕ್ಕದಲ್ಲಿ ನಿಲ್ಲುತ್ತಾರೆ.

"ಮಾಮ, ಹೊಗೆ ನಿಂತಿದೆ. ಸ್ಕ್ರೂ ಸ್ವಲ್ಪ ಬಿಡಿಸಿ."

ಮೀಟರ್ ಮಾಮ ಗನ್ ಹಿಡಿದು ತೋರಿಸುತ್ತಾರೆ. "ನೂರೆಂಟು ಡಿಗ್ರಿ. ಬೆಳಿಗ್ಗೆಯಿಂದ ಅಷ್ಟೇ ಇದೆ. ನಿನ್ನ ಕಣಿ ನಿನ್ನ ಹತ್ರ ಇಟ್ಕೋ."

"ಗಾಳಿ ತಣ್ಣಗಾಯ್ತಲ್ಲ. ಜ್ವರ ಬಂದ ಮಗು ಹಣೆಗೆ ಒದ್ದೆ ಬಟ್ಟೆ ಹಾಕಿ, ಆಮೇಲೆ ಹಣೆ ಮುಟ್ಟಿ ಜ್ವರ ಇಲ್ಲ ಅಂದ ಹಾಗಾಯ್ತು ಇದು. ಹೊರಗೆ ನೂರೆಂಟು. ಒಳಗೆ ಉರೀತಿದೆ."

"ನಿನ್ನ ಡಾಕ್ಟರು ಎರಡನೇ ಜಾಗದಲ್ಲಿರೋದು ನನಗೂ ಕಾಣುತ್ತಮ್ಮಾ."

ಮಾತು ಚುರುಕ್ಕೆಂದು ನಾಟುತ್ತದೆ. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಮಗಳು ಕೂಗುತ್ತಾಳೆ: "ಅಪ್ಪಾ, ನೇರ ದಾರಿ ಕೊನೇಲಿ ಎಳೀತಿಲ್ಲ! ಉಸಿರು ಕಟ್ಟಿದ ಹಾಗಾಗ್ತಿದೆ!" ಮೀಟರ್ ಮಾಮ ಒಮ್ಮೆ ಗನ್ ನೋಡುತ್ತಾರೆ, ಒಮ್ಮೆ ಕಾರು ನೋಡುತ್ತಾರೆ. ಮುಖ ಸಿಂಡರಿಸಿಕೊಂಡೇ ಸ್ಕ್ರೂ ಒಂದು ಗಂಟೆಯಷ್ಟು ಬಿಡಿಸುತ್ತಾರೆ.

"ಸಾಲದು ಮಾಮ, ಇನ್ನೊಂದು," ಎನ್ನುತ್ತಾರೆ ಹೊಗೆಯಕ್ಕ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಇನ್ನೊಂದೂ ಬಿಡಿಸುತ್ತಾರೆ.

ನಲವತ್ತನೇ ನಿಮಿಷದಲ್ಲಿ ಡಾಕ್ಟರ ಕಾರು ಅದನ್ನು ಹಿಂದಿಕ್ಕುತ್ತದೆ. ಓಟ ಮುಗಿಯುವ ಗಂಟೆ ಬಾರಿಸಿದಾಗ ಒಂಬತ್ತೂ ಕಾರುಗಳು ಟ್ರ್ಯಾಕಿನ ಮೇಲೆ ಓಡುತ್ತಿವೆ. ಗೆದ್ದವರು ಡಾಕ್ಟರು, ಎರಡನೆಯದು ಮೀಟರ್ ಮಾಮನ ಮಗಳು. ಕ್ಲಬ್ಬಿನ ಕಾರ್ಯದರ್ಶಿ ಮೈಕಿನಲ್ಲಿ ಒಂಬತ್ತು ಎಂದು ಸಾರಿದ ಕೂಡಲೇ ಹೊಗೆಯಕ್ಕ ದೊಪ್ಪನೆ ಕುರ್ಚಿಯಲ್ಲಿ ಕೂರುತ್ತಾರೆ. ಆದರೆ ನೆಮ್ಮದಿಗೆ ಹೊತ್ತಿಲ್ಲ. ಪಿಸುಮಾತು ಆಗಲೇ ಮೇಜಿನಿಂದ ಮೇಜಿಗೆ ಹರಿದಿದೆ: ತನ್ನ ಗಿರಾಕಿಯನ್ನು ಗೆಲ್ಲಿಸಲು ಮುಂದಿದ್ದವರ ಸ್ಕ್ರೂ ಸಡಿಲ ಮಾಡಿಸಿದಳು. ಆಕೆ ತಲೆ ತಗ್ಗಿಸಿ ಕಾರೊಂದನ್ನು ಒರೆಸುತ್ತಾರೆ. ಅವರ ಪರವಾಗಿ ಮಾತಾಡಬೇಕಿದ್ದ ಡಾಕ್ಟರು ಗೆದ್ದ ಕಪ್ ಹಿಡಿದು ಫೋಟೊಗೆ ನಿಂತಿದ್ದಾರೆ. ಹದಿನಾರು ವರ್ಷ ದುಡಿದವರಿಗೆ ಸಿಗುವ ಮರ್ಯಾದೆ ಇದು ಎಂದು ನೋಡಿದವರಿಗೇ ಕೆಡುಕೆನಿಸುತ್ತದೆ.

ಮೀಟರ್ ಮಾಮ ಎದ್ದು ಬರುತ್ತಾರೆ. ಅಂಗೈಯಲ್ಲಿ ತಮ್ಮ ಎಂಜಿನ್ನಿನಿಂದ ಆಗಷ್ಟೇ ಬಿಚ್ಚಿದ, ಇಂಧನ ಹೊತ್ತಿಸುವ ಪ್ಲಗ್. ಒಳ್ಳೆಯ ಪ್ಲಗ್ಗಿನ ತಂತಿಸುರುಳಿ ಹೊಸ ಪಾತ್ರೆಯಂತೆ ಹೊಳೆಯಬೇಕು. ಇದರದು ಬೂದುಬಣ್ಣಕ್ಕೆ ತಿರುಗಿ ಸೊಟ್ಟಗೆ ತಿರುಚಿಕೊಂಡಿದೆ. ಅದನ್ನು ಅವರು ಹೊಗೆಯಕ್ಕನಿಗೆ ಕೊಡುವುದಿಲ್ಲ. ಪಿಸುಗುಟ್ಟುತ್ತಿದ್ದವರ ಮೇಜುಗಳಿಗೆ ಒಯ್ದು ಒಬ್ಬೊಬ್ಬರ ಮೂಗಿನ ಕೆಳಗೂ ಹಿಡಿಯುತ್ತಾರೆ.

"ನೋಡ್ರಪ್ಪಾ, ಕಣ್ಬಿಟ್ಟು ನೋಡ್ರಿ. ಇನ್ನೆರಡು ಸುತ್ತು ಓಡಿದ್ರೆ ಎಂಜಿನ್ ಪುಡಿಪುಡಿ. ಅವಳು ಬಾಯಿ ಮುಚ್ಕೊಂಡಿದ್ರೂ ಡಾಕ್ಟ್ರೇ ಗೆಲ್ತಿದ್ರು, ಅಷ್ಟೂ ತಿಳಿಯಲ್ವಾ? ಅವಳು ಬಾಯಿಬಿಟ್ಟಿದ್ದು ನನ್ನ ಕಾರು ಉಳೀಲಿ ಅಂತ. ಇಲ್ದೇ ಹೋಗಿದ್ರೆ ಮುಂದಿನ ವರ್ಷ ನೀವೆಲ್ಲ ಬ್ಯಾಟರಿ ಚಾರ್ಜ್ ಮಾಡ್ತಾ ಕೂತಿರ್ತಿದ್ರಿ!"

ಮಂದಿ ಪ್ಲಗ್ಗನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಮೀಟರ್ ಮಾಮ ಕೊನೆಗೆ ಹೊಗೆಯಕ್ಕನ ಮೇಜಿಗೆ ಬಂದು, "ಊಟ ಆಯ್ತೇನಮ್ಮಾ?" ಎಂದು ಕೇಳುತ್ತಾರೆ. ಆಗಿಲ್ಲ. ಮಗಳು ತನ್ನ ಡಬ್ಬಿ ತಂದು ಬಿಚ್ಚುತ್ತಾಳೆ.

ಕಾರ್ಯದರ್ಶಿ ಫಲಕದ ಹಾಳೆ ಕಿತ್ತು, ನಿಮಗೇನಾದರೂ ಬೇಕಾ ಎಂದು ವಿಚಾರಿಸುತ್ತಾರೆ. ಸನ್ಮಾನ, ಶಾಲು ಎಂಬ ಮಾತೂ ತೇಲಿಬರುತ್ತದೆ. ಹೊಗೆಯಕ್ಕ ತುತ್ತು ನುಂಗಿ ಬೇಡವೆಂದು ಕೈಯಾಡಿಸುತ್ತಾರೆ. "ಶಾಲು ಯಾಕೆ, ಎಣ್ಣೆ ಕೈ ಒರೆಸೋಕಾ? ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಾಗೋಕೆ ಕಂಬಕ್ಕೊಂದು ಬಟ್ಟೆ ತುಂಡು ಕಟ್ಟಿಸಿ, ಸಾಕು." ಎಲ್ಲರೂ ನಗುತ್ತಾರೆ.

ಸಾಮಾನು ತುಂಬಿಕೊಂಡು ಹೊರಡುವಾಗ ಮಾತ್ರ ಅವರ ದನಿ ಸ್ವಲ್ಪ ತಗ್ಗುತ್ತದೆ. "ಒಂಬತ್ತರಲ್ಲಿ ಎಂಟು ನಾನು ಹದ ಮಾಡಿದ್ದು. ಅವು ಮುಗಿಸಲೇಬೇಕು, ಅದು ನನ್ನ ಕೆಲಸ, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಆ ಒಂಬತ್ತನೇದು ಇದ್ಯಲ್ಲ, ನಾನು ಬೆರಳೂ ತಾಗಿಸಿಲ್ಲ, ಬರೀ ಮಾತಲ್ಲೇ ಉಳಿಸಿದ್ದು," ಎಂದು ಅವರು ಮೀಟರ್ ಮಾಮನ ಮಗಳು ಎದೆಗವಚಿ ಒಯ್ಯುತ್ತಿರುವ ಕಾರಿನ ಕಡೆ ನೋಡುತ್ತಾರೆ. "ಇಷ್ಟು ವರ್ಷದಲ್ಲಿ ನನ್ನದು ಅಂತ ಅನ್ನಿಸಿದ್ದು ಅದೊಂದೇ."